ಇನ್‌ಹೇಲರ್‌ಗೇಕೆ ಬೀಗ?

ನಮ್ಮ ಹುಣಸಮಾರನಹಳ್ಳಿ ಸುತ್ತ ಶಾಲೆಗಳಿಗೇನೂ ಬರವಿಲ್ಲ ಬಿಡಿ, ಬಳ್ಳಾರಿ ರಸ್ತೆಯ ಧೂಳಿಗೂ ಇಲ್ಲ. ನನ್ನ ಮಗನಿಗೆ ಆಸ್ತಮಾ. ಅವನ ಶಾಲೆಯ ನಿಯಮ ಕೇಳಿ: ಮಕ್ಕಳ ಬ್ಯಾಗಿನಲ್ಲಿ ಯಾವ ಔಷಧಿಯೂ ಇರಕೂಡದು, ಎಲ್ಲಾ ಆಫೀಸಿನ ಬೀರುವಿನಲ್ಲಿ. ಇನ್‌ಹೇಲರ್ ಕೂಡ! ಕ್ಲರ್ಕ್ ಬ್ಯಾಂಕಿಗೆ ಹೋದರೆ ಬೀಗದ ಕೈಯೂ ಅವರ ಜೊತೆಗೇ ಹೋಯಿತು. ಉಸಿರು ಸಿಕ್ಕಿಕೊಂಡ ಹುಡುಗ ಎರಡು ಮಹಡಿ ಇಳಿದು ಬಂದು ಕಾಯಬೇಕಂತೆ... ಏನ್ ಸ್ವಾಮಿ ಇದು?

ಮಕ್ಕಳ ಕೈಗೆ ಔಷಧಿ ಕೊಟ್ಟರೆ ಅಪಾಯ ಅನ್ನುತ್ತಾರೆ. ಎಲ್ಲಾ ಔಷಧಿಯೂ ಒಂದೇನಾ? 2023ರ ಮಾರ್ಚ್‌ನಲ್ಲಿ ಊಟಿಯ ಶಾಲೆಯೊಂದರಲ್ಲಿ ಮಕ್ಕಳು ಪಂದ್ಯ ಕಟ್ಟಿ ಕಬ್ಬಿಣಾಂಶದ ಮಾತ್ರೆ ನುಂಗಿ, ಎಂಟನೇ ಕ್ಲಾಸಿನ ಹುಡುಗಿ ತೀರಿಕೊಂಡಳು. ವಾರಕ್ಕೊಂದೇ, ಊಟವಾದ ಮೇಲೆ, ಟೀಚರ್ ಕಣ್ಣೆದುರಿಗೇ ನುಂಗಿಸಬೇಕಾದ ಮಾತ್ರೆ ಅದು. ಬೀಗ ಬೇಕಾದ್ದು ಆ ಡಬ್ಬಿಗೆ. ಸಾಲ್ಬುಟಮಾಲ್ ಒಂದೆರಡು ಪಫ್ ಹೆಚ್ಚಾದರೆ ಕೈ ನಡುಗೀತು, ಎದೆ ಡವಡವ ಅಂದೀತು. ಹೊತ್ತಿಗೆ ಸಿಗದಿದ್ದರೆ ಜೀವವೇ ಹೋದೀತು.

ಮಧುಮೇಹದ ಮಕ್ಕಳು ಪರೀಕ್ಷಾ ಕೊಠಡಿಗೇ ಸಕ್ಕರೆ ಮಾತ್ರೆ ಒಯ್ಯಬಹುದು ಎಂದು ಸಿಬಿಎಸ್‌ಇ 2017ರಲ್ಲೇ ಹೇಳಿತು. ಅಂಥಾ ಪರೀಕ್ಷೆಗೇ ಇಲ್ಲದ ಮಡಿ ಇವರ ಕ್ಲಾಸ್‌ರೂಮಿಗೆ!

ಡಾಕ್ಟರ ಚೀಟಿ, ನನ್ನ ರುಜು ಎರಡನ್ನೂ ಕೊಟ್ಟು ಬಂದಿದ್ದೇನೆ. ಪ್ರಿನ್ಸಿಪಾಲರು "ನೋಡೋಣ" ಅಂದಿದ್ದಾರೆ. ಅವರು ನೋಡುವವರೆಗೆ ಇನ್‌ಹೇಲರ್ ನನ್ನ ಮಗನ ಜೇಬಿನಲ್ಲೇ ಇರುತ್ತದೆ.