ಮುಚ್ಚಿದ ಮನೆಗೂ ಉಸಿರು ಬೇಕು

ದೀಪಾವಳಿ ಕಳೆಯಿತೆಂದರೆ ಗುರುಗ್ರಾಮದ ನಮ್ಮ ಮನೆಗಳಲ್ಲಿ ಕಿಟಕಿಗಳಿಗೆ ಬೀಗ ಬಿದ್ದಂತೆಯೇ. ಹೊರಗೆ ಹೊಗೆ ಬೆರೆತ ಮಂಜು; ಒಳಗೆ ಏರ್ ಪ್ಯೂರಿಫೈಯರಿನ ಗುಂಯ್‌ಗಾನ. ಇಷ್ಟರಿಂದಲೇ ಮನೆಯವರ ಆರೋಗ್ಯವನ್ನು ಕಾಪಾಡಿದಂತಾಯಿತೆಂದು ನಮ್ಮವರಲ್ಲಿ ಬಹುಮಂದಿ ನಂಬಿದ್ದಾರೆ. ಈ ನಂಬಿಕೆ ಅರ್ಧ ಮಾತ್ರ ಸರಿಯೆಂದು ನನ್ನ ಅಭಿಪ್ರಾಯ.

ಆ ಯಂತ್ರ ಧೂಳಿನ ಕಣಗಳನ್ನು ಹಿಡಿಯುತ್ತದೆ, ನಿಜ. ಆದರೆ ನಾವು ಬಿಡುವ ಉಸಿರಿನ ಇಂಗಾಲಾಮ್ಲವನ್ನು ಅದು ತೆಗೆಯಲಾರದು. ಹೊರಗಿನ ಗಾಳಿಯಲ್ಲಿ ಈ ಅನಿಲವು ಹತ್ತು ಲಕ್ಷಕ್ಕೆ ಸುಮಾರು 420 ಭಾಗವಿದ್ದರೆ, ಬಾಗಿಲು ಮುಚ್ಚಿ ಇಬ್ಬರು ಮೂವರು ಮಲಗಿದ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ 2000ವನ್ನು ಮೀರುವುದುಂಟು. ಏಳುವಾಗ ತಲೆಭಾರ, ಮಕ್ಕಳಿಗೆ ಮಂಕು. ಊರಿನಿಂದ ಬಂದ ತಾಯಿ "ಇಲ್ಲಿ ಉಸಿರು ಕಟ್ಟುತ್ತದಪ್ಪ" ಎಂದರೆ ಅದು ಬರಿಯ ಊರಿನ ಹಂಬಲವಲ್ಲ. ಕಿಟಕಿ ತೆರೆಯೋಣವೆಂದರೆ, ನಮ್ಮ ದೇಶದ ಮಾನದಂಡದಂತೆ ದಿನದ ಸರಾಸರಿ ಘನಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದ ಸೂಕ್ಷ್ಮಕಣಗಳು ನವೆಂಬರಿನಲ್ಲಿ ಅದರ ಹಲವು ಪಟ್ಟು! ತೊಟ್ಟಿಮನೆಯ ಬಯಲೂ ಗವಾಕ್ಷಿಯೂ ಇಲ್ಲಿ ಉಪಯೋಗಕ್ಕೆ ಬಾರವು.

ಶೀತದೇಶಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಶಾಖ ಉಳಿಸುವ ವಾಯುಸಂಚಾರ ಯಂತ್ರವನ್ನು ನಾವು ಗಮನಿಸಬೇಕಾದುದು ಈ ಕಾರಣದಿಂದ. ಇದರಲ್ಲಿ ಎರಡು ಫ್ಯಾನುಗಳು. ಒಂದು ಕೆಟ್ಟ ಗಾಳಿಯನ್ನು ಹೊರದೂಡುತ್ತದೆ, ಇನ್ನೊಂದು ಹೊಸ ಗಾಳಿಯನ್ನು ಸೋಸಿ ಒಳತರುತ್ತದೆ. ಎರಡೂ ಗಾಳಿಗಳು ತೆಳು ಹಾಳೆಗಳ ಇಕ್ಕೆಲಗಳಲ್ಲಿ ಬೆರೆಯದೆ ಹಾಯುವಾಗ ಒಂದರ ಶಾಖ ಇನ್ನೊಂದಕ್ಕೆ ಸೇರುತ್ತದೆ. ಒಳಗೆ 20 ಡಿಗ್ರಿ, ಹೊರಗೆ 8 ಡಿಗ್ರಿ ಇದ್ದು, ಯಂತ್ರವು ನೂರಕ್ಕೆ 75ರಷ್ಟು ಶಾಖವನ್ನು ಉಳಿಸುವುದಾದರೆ, ಬರುವ ಗಾಳಿ 17 ಡಿಗ್ರಿಯದಾಗಿರುತ್ತದೆ. ಮೇ ತಿಂಗಳಲ್ಲಿ ಇದೇ ಲೆಕ್ಕ ತಿರುಗುಮುರುಗು: ಒಳಗೆ 26 ಇದ್ದರೆ 44 ಡಿಗ್ರಿಯ ಬಿಸಿಗಾಳಿ ಮೂವತ್ತರ ಆಸುಪಾಸಿಗೆ ಇಳಿದು ಬರುತ್ತದೆ. ಇಲ್ಲಿಯ ಶ್ರಾವಣದ ಸೆಖೆಯನ್ನು ಬಲ್ಲವರು, ಶಾಖದೊಡನೆ ತೇವವನ್ನೂ ವಿನಿಮಯ ಮಾಡುವ ಬಗೆಯನ್ನೇ ಆರಿಸುವುದು ಲೇಸು.

ಯಂತ್ರದೊಡನೆ ಬರುವ ಸಾದಾ ಜಾಲರಿ ಈ ಊರಿಗೆ ಸಾಲದು. ಸೂಕ್ಷ್ಮಕಣಗಳನ್ನು ತಡೆಯುವ ಫಿಲ್ಟರು ಬೇಕೇ ಬೇಕು, ಚಳಿಗಾಲದಲ್ಲಿ ಅದು ಬೇಗನೆ ಕಟ್ಟಿಕೊಳ್ಳುತ್ತದೆ. ಅಡುಗೆಮನೆಯ ಚಿಮಣಿಯನ್ನು ಇದಕ್ಕೆ ಜೋಡಿಸಲೇಬಾರದು, ಒಗ್ಗರಣೆಯ ಜಿಡ್ಡು ಹಾಳೆಗಳನ್ನು ಕೆಡಿಸೀತು. ಹೊರಗೋಡೆಯ ಎರಡು ರಂಧ್ರಗಳನ್ನು ದೂರದೂರವೇ ಕೊರೆಯಿಸತಕ್ಕದ್ದು. ಯಂತ್ರವಿದೆಯೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಂಗೀಠಿ ಉರಿಸುವುದು ಪ್ರಾಣಕ್ಕೇ ಸಂಚಕಾರ. ಬಾಡಿಗೆಯವರಿಗೆ ಗೋಡೆ ಕೊರೆಯಲು ಮಾಲೀಕರ ಒಪ್ಪಿಗೆ ಬೇಕು. ಇಡೀ ಮನೆಗೆ ಅಸಾಧ್ಯವಾದರೆ ಮಲಗುವ ಒಂದು ಕೋಣೆಗಾದರೂ ಆಗಲಿ.

ಹೊಸ ಮನೆಗೆ ಅಮೃತಶಿಲೆ ಹಾಸಲು ಹಿಂಜರಿಯದವರು ಈ ವೆಚ್ಚಕ್ಕೆ ಮುಖ ಸಿಂಡರಿಸುವುದು ನನಗೆ ಅರ್ಥವಾಗದು. ಆದರೂ ಒಂದು ಮಾತು. ನಮ್ಮ ಗೇಟಿನ ಕಾವಲುಗಾರನು ಚಳಿ ತಾಳದೆ ತರಗೆಲೆ ಉರಿಸುತ್ತಾನೆ. ಅದರ ಹೊಗೆ ಮೊದಲು ಅವನ ಎದೆಗೆ, ಅನಂತರ ನಮ್ಮ ಫಿಲ್ಟರಿಗೆ. ನಿವಾಸಿಗಳ ಸಭೆಯಲ್ಲಿ ಅವನಿಗೊಂದು ವಿದ್ಯುತ್ ಹೀಟರನ್ನು ಕೇಳಲು ನಾವು ಚಳಿಗಾಲ ಬರುವವರೆಗೆ ಕಾಯಬೇಕಾಗಿಲ್ಲ.