ಧ್ವಜ ದಿನ: ರಜೆಗಿಂತ ಮುಖ್ಯವಾದುದು ಅರಿವು

ಯುದ್ಧದಲ್ಲಿ ಮಡಿದ ಯೋಧರ ಸ್ಮರಣೆಗಾಗಿ ಅಮೆರಿಕದಲ್ಲಿ ಮೇ ತಿಂಗಳ ಕೊನೆಯ ಸೋಮವಾರ ರಾಷ್ಟ್ರೀಯ ರಜೆಯಿದೆ. ನಮ್ಮಲ್ಲಿ ಅಂತಹ ರಜೆಯಿಲ್ಲ. ಜನವರಿ 30ರ ಹುತಾತ್ಮರ ದಿನ, ಜುಲೈ 26ರ ಕಾರ್ಗಿಲ್ ವಿಜಯ ದಿವಸ, 1949ರಿಂದ ನಡೆದುಬಂದ ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನ ಇವು ಸಾರ್ವತ್ರಿಕ ರಜಾದಿನಗಳಲ್ಲ. ಹೀಗಾಗಿ ಸ್ಮರಣೆಯ ಹೊಣೆ ಬಹುಮಟ್ಟಿಗೆ ಶಾಲೆಯ ಪ್ರಾರ್ಥನಾ ಸಭೆಗೆ ಉಳಿದಿದೆ. ಆದವಾನಿ, ಆಲೂರು ಭಾಗದ ಕನ್ನಡ ಶಾಲೆಗಳಲ್ಲಿ ಆ ಸಭೆಯಲ್ಲಿ ಏನನ್ನು ಹೇಳಬೇಕು?

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತಕ್ಕೆ ಸಿಲುಕಿ ಮದ್ರಾಸ್ ರೆಜಿಮೆಂಟ್‌ನ ಶಿಬಿರದ ಹತ್ತು ಯೋಧರು ಮಡಿದರು. ಆರು ದಿನ ಹಿಮದಡಿ ಜೀವ ಹಿಡಿದಿದ್ದ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಫೆಬ್ರವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಅವರ ಹೆಸರು ಮನೆಮಾತಾಯಿತು. ಅದೇ ಹಿಮದಡಿ ಅಸುನೀಗಿದವರಲ್ಲಿ ಅಂದಿನ ನಮ್ಮ ಕರ್ನೂಲು ಜಿಲ್ಲೆಯ ಪಾರ್ನಪಲ್ಲೆಯ ಸಿಪಾಯಿ ಮುಷ್ತಾಕ್ ಅಹ್ಮದ್ ಕೂಡ ಒಬ್ಬರು. ಕನ್ನಡಿಗರು, ತೆಲುಗರು, ತಮಿಳರು, ಮಲಯಾಳಿಗಳು ಒಂದೇ ಶಿಬಿರದಲ್ಲಿದ್ದರು. ನಮ್ಮ ಮಕ್ಕಳು ಈ ಎರಡೂ ಹೆಸರುಗಳನ್ನು ಒಟ್ಟಿಗೆ ಕೇಳಬೇಕು.

ಆದರೆ ಯೋಧನ ಮರಣಾನಂತರ ರಾಜ್ಯದ ಗಡಿ ಮತ್ತೆ ಎದುರಾಗುತ್ತದೆ. ಕೇಂದ್ರದ ಪಿಂಚಣಿ ದೇಶದೆಲ್ಲೆಡೆ ಒಂದೇ ನಿಯಮದಂತೆ ದೊರೆಯುತ್ತದೆ; ರಾಜ್ಯ ಸರ್ಕಾರಗಳ ಪರಿಹಾರ ಹಾಗೂ ಇತರ ಸವಲತ್ತುಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿವೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಆದುದರಿಂದ ಇಲ್ಲಿನ ಕನ್ನಡ ಕುಟುಂಬವು ಬಳ್ಳಾರಿಗಲ್ಲ, ಕರ್ನೂಲಿನ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಬೇಕು. ಕನ್ನಡದಲ್ಲಿ ಮಾತ್ರ ಓದಬಲ್ಲ ತಾಯಿಗೆ, ಪತ್ನಿಗೆ ಅಲ್ಲಿನ ತೆಲುಗು ಅಥವಾ ಇಂಗ್ಲಿಷ್ ಅರ್ಜಿ ನಮೂನೆಯೇ ಮೊದಲ ತೊಡಕಾಗಬಲ್ಲದು.

ಈ ತೊಡಕಿಗೆ ಸಂವಿಧಾನದಲ್ಲಿ ಉತ್ತರವಿದೆ. ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು 350ನೇ ವಿಧಿ ಪ್ರತಿಯೊಬ್ಬರಿಗೂ ನೀಡಿದೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಬಗೆಗಿನ 350ಎ ವಿಧಿಯನ್ನು ನಾವು ಆಗಾಗ ಉಲ್ಲೇಖಿಸುತ್ತೇವೆ. 350ನೇ ವಿಧಿಯನ್ನು ಮರೆತಿರುತ್ತೇವೆ. ಸೈನಿಕ ಕಲ್ಯಾಣದ ಮಾಹಿತಿಪತ್ರ ಕನ್ನಡದಲ್ಲಿಯೂ ದೊರೆಯಬೇಕೆಂದು ಶಾಲಾ ಪೋಷಕರ ಸಮಿತಿಗಳು ಕನ್ನಡದಲ್ಲೇ ಮನವಿ ಸಲ್ಲಿಸಲು ಇದೇ ಆಧಾರ.

ಧ್ವಜ ದಿನದಂದು ಸಂಗ್ರಹವಾಗುವ ನಿಧಿ ಮಡಿದ ಯೋಧರ ಕುಟುಂಬಗಳು, ಗಾಯಾಳು ಸೈನಿಕರು, ಮಾಜಿ ಸೈನಿಕರ ಕ್ಷೇಮಕ್ಕೆ ಮೀಸಲು. ಮಕ್ಕಳು ಪುಟ್ಟ ಧ್ವಜವನ್ನು ಅಂಗಿಗೆ ಸಿಕ್ಕಿಸಿಕೊಳ್ಳುವಾಗ ಆ ಹಣ ಯಾರಿಗೆ, ಯಾವ ಕಚೇರಿಯ ಮೂಲಕ ತಲುಪುತ್ತದೆ ಎಂಬುದನ್ನು ಅವರ ಭಾಷೆಯಲ್ಲಿ ತಿಳಿಸಬೇಕು. ಮನೆಗೆ ಮರಳಿ ಆ ಮಗು ಅದನ್ನು ತಾಯಿಗೆ ಹೇಳಿದರೆ, ಒಂದು ದಿನದ ರಜೆಗಿಂತ ಹೆಚ್ಚಿನ ಗೌರವ ಯೋಧನಿಗೆ ಸಂದಂತಾಗುತ್ತದೆ.