ಮೊಟ್ಟೆ ಮಾಡಿದವರ ಹೆಸರೂ ಅಚ್ಚಾಗಲಿ

ಈದ್ ಮುಗಿದ ಸ್ವಲ್ಪ ದಿನಕ್ಕೆ ನಮ್ಮ ಅಬ್ಬಾಗೆ ಒಂದು ಹೊಸ ಥರದ ಆರ್ಡರ್ ಬಂತು. ಮರದ ಮೊಟ್ಟೆ, 80. ಕೋಳಿಮೊಟ್ಟೆಗಿಂತ ತುಸು ದೊಡ್ಡದು, ಕಡು ಹಸಿರು ಬಣ್ಣ, ಹೊಟ್ಟೆಯ ಸುತ್ತ ಹಳದಿ ಗೆರೆ ಎರಡು. "ಇದನ್ನ ಇಟ್ಕೊಂಡು ಯಾವ ಮಕ್ಕಳು ಆಡ್ತಾರೆ?" ಎಂದು ಅಮ್ಮಿ ಕೇಳಿದರು. ಅಬ್ಬಾಗೂ ಗೊತ್ತಿರಲಿಲ್ಲ. ದೊಡ್ಡಮಳೂರು ದೇವಸ್ಥಾನಕ್ಕೆ ಹರಕೆ ಹೊತ್ತು ಬರುವವರ ಪುಟ್ಟ ತೊಟ್ಟಿಲು, ಗಿಲಕಿ, ಬುಗುರಿ ಮಾಡಿದ ಕೈ ಅವರದು. ಮೊಟ್ಟೆಯನ್ನೂ ಹಾಗೇ ಮಾಡಿದರು. ಆಲೆ ಮರದ ತುಂಡನ್ನು ಲೇತಿಗೆ ಕೊಟ್ಟು ಕಡೆದರು. ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರು. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆ ಗರಿ ಒತ್ತಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ.

ಅವು ಡ್ರ್ಯಾಗನ್ ಮೊಟ್ಟೆಗಳು ಎಂದು ಗೊತ್ತಾಗಿದ್ದು ಮಾದರಿಯ ಪೆಟ್ಟಿಗೆಯೊಂದು ಮನೆಗೆ ಬಂದಾಗ. ಅದರಲ್ಲಿ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿಯೊಂದರ ವಿಶೇಷ ಆವೃತ್ತಿ ಇತ್ತು. ಬಟ್ಟೆ ಹೊದಿಸಿದ ರಟ್ಟು, ಅದರ ಮೇಲೆ ಚಿನ್ನದ ಬಣ್ಣದ ಫಾಯಿಲ್, ಪುಟಗಳ ಅಂಚಿಗೆ ಹಸಿರು, ರಟ್ಟಿನ ಒಳಬದಿಯಲ್ಲಿ ಕಥೆಯ ಲೋಕದ ನಕ್ಷೆ. ಜೊತೆಗೆ ಒಂದು ಕಾರ್ಡ್. ಮುಖಪುಟ ಬರೆದವರು ಇಂಥವರು, ನಕ್ಷೆ ಇಂಥವರು, ಅಂಚಿನ ವಿನ್ಯಾಸ ಇಂಥವರು ಎಂದು ಹೆಸರು ಹೆಸರಾಗಿ ಅಚ್ಚಾಗಿತ್ತು. ಕೊನೆಯ ಸಾಲು ಮಾತ್ರ ಹೀಗಿತ್ತು: ಮೊಟ್ಟೆ, ಚನ್ನಪಟ್ಟಣದ ಕುಶಲಕರ್ಮಿಗಳು.

ಆ ಒಂದು ಸಾಲಿನ ಬಗ್ಗೆಯೇ ಈ ಬರಹ.

ವಿಶೇಷ ಆವೃತ್ತಿಗಳೆಂದರೆ ದುಡ್ಡಿದ್ದವರ ಶೋಕಿ ಎಂದು ನಮ್ಮ ಕ್ಲಾಸಿನಲ್ಲಿ ಕೆಲವರು ಹೇಳುತ್ತಾರೆ. ಒಳಗಿನ ಕಥೆ ಒಂದೇ ಅಲ್ಲವೇ, ಹೊದಿಕೆಗೆ ಯಾಕೆ ಅಷ್ಟು ದುಡ್ಡು ಎಂಬುದು ಅವರ ಪ್ರಶ್ನೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಮ್ಮ ಮಾಮು ಮದುವೆ ಕಾರ್ಡು ಅಚ್ಚು ಹಾಕುವ ಪ್ರೆಸ್‌ನಲ್ಲಿ ಕೆಲಸ ಮಾಡುತ್ತಾರೆ. ರಜೆಯಲ್ಲಿ ಅಲ್ಲಿ ಕೂತು ನೋಡಿದ ಮೇಲೆ ನನ್ನ ಲೆಕ್ಕ ಬದಲಾಯಿತು. ಶಾದಿ ಕಾರ್ಡಿನ ಮೇಲೆ ಹೊಳೆಯುವ ಬಿಸ್ಮಿಲ್ಲಾಹ್‌ಗೂ ಕಾದಂಬರಿಯ ಚಿನ್ನದ ಡ್ರ್ಯಾಗನ್‌ಗೂ ಕೆಲಸ ಒಂದೇ. ಲೋಹದ ಬ್ಲಾಕ್ ಮಾಡಿಸಬೇಕು, ಅದನ್ನು ಬಿಸಿ ಮಾಡಬೇಕು, ಕಾಗದಕ್ಕೂ ಬ್ಲಾಕಿಗೂ ನಡುವೆ ಫಾಯಿಲ್ ಇಟ್ಟು ಒತ್ತಬೇಕು. ಬಿಸಿ ಹೆಚ್ಚಾದರೆ ಸಣ್ಣ ಅಕ್ಷರಗಳ ಹೊಟ್ಟೆ ತುಂಬಿಕೊಳ್ಳುತ್ತದೆ, ಕಡಿಮೆಯಾದರೆ ಫಾಯಿಲ್ ಉದುರುತ್ತದೆ. ಆ ಹದ ಮಾಮುವಿನ ಕೈಗೆ ಗೊತ್ತು.

ಪುಟಗಳ ಅಂಚಿಗೆ ಬಣ್ಣ ಹಾಕುವುದನ್ನು ನಾನೇ ಮಾಡಿ ನೋಡಿದೆ. ಹಳೆಯ ಅಕೌಂಟೆನ್ಸಿ ನೋಟ್‌ಬುಕ್ ತೆಗೆದುಕೊಂಡು ಬ್ರಷ್ಷಿನಲ್ಲಿ ಬಳಿದೆ. ಬಣ್ಣ ಒಳಗೆ ಇಳಿದು ಪುಟಗಳೆಲ್ಲ ಅಂಟಿಕೊಂಡವು. ಮಾಮು ನಕ್ಕು, ಇನ್ನೊಂದು ನೋಟ್‌ಬುಕ್ಕನ್ನು ಎರಡು ಹಲಗೆಗಳ ನಡುವೆ ಬಿಗಿಯಾಗಿ ಕಟ್ಟಿ, ಸ್ಪಂಜನ್ನು ಚೆನ್ನಾಗಿ ಹಿಂಡಿ, ತೆಳ್ಳಗೆ ಮೂರು ಸಲ ಒತ್ತಿಸಿದರು. ಪ್ರತಿ ಸಲವೂ ಒಣಗುವವರೆಗೆ ಕಾಯಬೇಕು. ಆಮೇಲೆ ಪುಟಗಳು ಸಲೀಸಾಗಿ ಬಿಡಿಸಿಕೊಂಡವು. ಹೊದಿಕೆ ಶೋಕಿ ಇರಬಹುದು, ಆದರೆ ಅದರ ಹಿಂದೆ ದುಡಿಮೆ ಇದೆ.

ಇದು ಹೊರದೇಶದಿಂದ ಹೊಸದಾಗಿ ಬಂದ ಹುಚ್ಚೂ ಅಲ್ಲ. ನಮ್ಮ ದಾದಿ ಹೇಳುತ್ತಿದ್ದ ಅಮೀರ್ ಹಮ್ಜಾ ಕಥೆ ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಜಿನ್ನುಗಳು, ದೇವ್‌ಗಳು, ಏನು ಹಾಕಿದರೂ ತುಂಬದ ಅಮರ್ ಅಯ್ಯಾರನ ಚೀಲ. ಇಂದಿನ ಯಾವ ಫ್ಯಾಂಟಸಿಗೂ ಅದು ಕಡಿಮೆಯಲ್ಲ. ಅಕ್ಬರ್ ಬಾದಶಹ ಆ ಕಥೆಗೆ 1562ರ ಸುಮಾರಿಗೆ ವಿಶೇಷ ಪ್ರತಿಯೊಂದನ್ನು ಮಾಡಿಸಲು ಶುರುಮಾಡಿದ. ಬಟ್ಟೆಯ ಮೇಲೆ ಬರೆದ ಸುಮಾರು 1400 ದೊಡ್ಡ ಚಿತ್ರಗಳು, ಸುಮಾರು 15 ವರ್ಷಗಳ ಕೆಲಸ. ಈಗ ಉಳಿದಿರುವುದು 200ಕ್ಕಿಂತ ಕಡಿಮೆ. ಉಸ್ತುವಾರಿ ನೋಡಿಕೊಂಡ ಮೀರ್ ಸೈಯದ್ ಅಲಿ, ಅಬ್ದುಸ್ಸಮದ್ ಅವರ ಹೆಸರು ಚರಿತ್ರೆಯಲ್ಲಿವೆ. ಅವರ ಕೈಕೆಳಗೆ ಕೂತು ಬಣ್ಣ ತುಂಬಿದ ಎಷ್ಟೋ ಜನರ ಹೆಸರು ಆ ಚಿತ್ರಗಳ ಮೇಲಿಲ್ಲ.

ಹತ್ತಿರದ ಉದಾಹರಣೆಯೂ ಇದೆ. ನಮ್ಮೂರ ರಸ್ತೆ ಹಿಡಿದು ಮೈಸೂರಿನ ಕಡೆ ಹೋದರೆ ಶ್ರೀರಂಗಪಟ್ಟಣ. 1799ರಲ್ಲಿ ಟಿಪ್ಪು ಸುಲ್ತಾನರು ಶಹೀದರಾದ ಮೇಲೆ ಅವರ ಗ್ರಂಥಾಲಯದ ಸುಮಾರು 2000 ಪುಸ್ತಕಗಳು ಇಂಗ್ಲಿಷರ ಕೈಸೇರಿದವು. ಚಾರ್ಲ್ಸ್ ಸ್ಟೀವರ್ಟ್ ಎಂಬವರು 1809ರಲ್ಲಿ ಅವುಗಳ ಪಟ್ಟಿಯನ್ನು ಅಚ್ಚು ಮಾಡಿಸಿದರು. ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ರಟ್ಟು ಕಟ್ಟಿದ ಪುಸ್ತಕಗಳ ಹೊದಿಕೆ ಹೇಗಿತ್ತು ಎಂದೂ ಅವರು ಬರೆದಿದ್ದಾರೆ. ನಡುವೆ ಪದಕದಂಥ ಮುದ್ರೆ, ಅದರಲ್ಲಿ ಅಲ್ಲಾಹನ ಹೆಸರು, ಪ್ರವಾದಿಯವರ (ಸ.ಅ.) ಹೆಸರು, ಫಾತಿಮಾ, ಹಸನ್, ಹುಸೇನ್ ಅವರ ಹೆಸರು. ನಾಲ್ಕು ಮೂಲೆಗಳಲ್ಲಿ ನಾಲ್ವರು ಖಲೀಫರು. ಮೇಲೆ 'ಸರ್ಕಾರೆ ಖುದಾದಾದ್', ಕೆಳಗೆ 'ಅಲ್ಲಾಹು ಕಾಫಿ'. ಓದುವಾಗ ನನಗೆ ಹೆಮ್ಮೆಯಾಯಿತು. ಹಾಗೇ ಒಂದು ಪ್ರಶ್ನೆಯೂ ಬಂತು. ಅಷ್ಟು ಹೆಸರುಗಳಿರುವ ಆ ಮುದ್ರೆಯನ್ನು ಒತ್ತಿ, ಚರ್ಮ ಎಳೆದು, ರಟ್ಟು ಕಟ್ಟಿದವರು ಯಾರು?

ನಮ್ಮ ಊರಿನಲ್ಲೂ ಇದೇ ಕಥೆ. ಗೊಂಬೆ ಎಂದರೆ ಬಾವಾಸ್ ಮಿಯಾ ಎಂಬ ಒಂದು ಹೆಸರನ್ನು ಎಲ್ಲರೂ ಹೇಳುತ್ತಾರೆ. ಮಿಕ್ಕವರೆಲ್ಲ 'ಕುಶಲಕರ್ಮಿಗಳು'. ಚನ್ನಪಟ್ಟಣದ ಗೊಂಬೆಗೆ ಜಿಐ ಮಾನ್ಯತೆ ಸಿಕ್ಕಿದೆ, ಸಂತೋಷ. ಅದು ಊರಿನ ಹೆಸರನ್ನು ಕಾಪಾಡುತ್ತದೆ. ಲೇತಿನ ಮುಂದೆ ಕೂತವರ ಹೆಸರು ಅದರಲ್ಲಿ ಬರುವುದಿಲ್ಲ.

ಈ ಮಾತನ್ನು ಮನೆಯಲ್ಲಿ ಎತ್ತಿದಾಗ ಅಬ್ಬಾ, "ನಾಮ್ ಸೇ ಪೇಟ್ ಭರ್ತಾ ಕ್ಯಾ ಬೇಟಿ?" ಅಂದರು. ಹೆಸರಿನಿಂದ ಹೊಟ್ಟೆ ತುಂಬುತ್ತದೆಯೇ ಎಂದು. ಅವರು ಹೇಳಿದ್ದು ಸುಳ್ಳಲ್ಲ. ಮೊದಲು ಸರಿಯಾದ ಕೂಲಿ ಸಿಗಬೇಕು. ಆದರೆ ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ನನ್ನಲ್ಲೂ ಒಂದು ಉತ್ತರವಿದೆ. ಅಕೌಂಟೆನ್ಸಿಯಲ್ಲಿ ನಾವು ಗುಡ್‌ವಿಲ್ ಎಂಬುದಕ್ಕೆ ಬೆಲೆ ಕಟ್ಟುತ್ತೇವೆ. ಅದನ್ನು ಮುಟ್ಟಲಾಗದು, ಆದರೂ ಆಸ್ತಿಯ ಬದಿಗೆ ಬರೆಯುತ್ತೇವೆ. ಹೊಸ ಪಾಲುದಾರ ಬಂದರೆ ಅದರಲ್ಲಿ ಅವನ ಪಾಲಿಗೆ ದುಡ್ಡು ತರಬೇಕು. ಗುಡ್‌ವಿಲ್ ಎಂದರೆ ಹೆಸರು ತಾನೇ? ಅಂಗಡಿಯ ಹೆಸರಿಗೆ ಬೆಲೆ ಇದೆ ಎಂದಾದರೆ ಅಬ್ಬಾನ ಕೈಯ ಹೆಸರಿಗೆ ಯಾಕಿಲ್ಲ? ಆ 80 ಜನರಲ್ಲಿ ಒಬ್ಬರಿಗೆ ಮೊಟ್ಟೆ ಇಷ್ಟವಾಗಿ ಇನ್ನೊಂದು ಬೇಕೆನಿಸಿದರೆ ಅವರು ಯಾರನ್ನು ಹುಡುಕಬೇಕು? ಈಗಂತೂ ಆ ಆರ್ಡರ್ ನಡುವಿನವರಿಗೇ ಹೋಗುತ್ತದೆ.

ಖರ್ಚಿನ ಲೆಕ್ಕವನ್ನೂ ನೋಡೋಣ. ಫಾಯಿಲ್ ಬ್ಲಾಕಿಗೆ 2000 ರೂಪಾಯಿ ಎಂದಿಟ್ಟುಕೊಳ್ಳಿ. 100 ಪ್ರತಿ ಮಾಡಿದರೆ ಒಂದಕ್ಕೆ 20 ರೂಪಾಯಿ, 1000 ಮಾಡಿದರೆ 2 ರೂಪಾಯಿ. ಅದು ಸ್ಥಿರ ವೆಚ್ಚ, ಪ್ರತಿಗಳು ಹೆಚ್ಚಿದಷ್ಟೂ ಹಗುರ. ಅರಗಿನ ಕೆಲಸ ಹಾಗಲ್ಲ, 80ನೇ ಮೊಟ್ಟೆಗೂ ಮೊದಲನೆಯದರಷ್ಟೇ ಕೈ ಆಡಬೇಕು. ಹೇಗೂ ಅಚ್ಚಾಗುವ ಕಾರ್ಡಿನಲ್ಲಿ ಇನ್ನೊಂದು ಹೆಸರು ಸೇರಿಸಲು ಎಷ್ಟು ಖರ್ಚು? ಏನೂ ಇಲ್ಲ. ತುಂಬಾ ಜನ ಸೇರಿ ಮಾಡಿದ್ದು, ಯಾರ ಹೆಸರು ಹಾಕುವುದು ಎಂದು ಕೇಳಬಹುದು. ಎಲ್ಲರದೂ ಹಾಕಿ. ಸಿನಿಮಾದವರು ಲೈಟ್ ಹಿಡಿದವರ ಹೆಸರನ್ನೂ ಹಾಕುತ್ತಾರಲ್ಲ.

ಕನ್ನಡದ ಪುಸ್ತಕಗಳಲ್ಲಿ ಅರ್ಧ ದಾರಿ ಆಗಲೇ ಆಗಿದೆ. ಹೆಚ್ಚಿನವುಗಳ ಮೊದಲ ಪುಟಗಳಲ್ಲಿ ಮುಖಪುಟ ಮಾಡಿದವರ ಹೆಸರು, ಮುದ್ರಣಾಲಯದ ಹೆಸರು ಇರುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಪುಸ್ತಕ ಸೊಗಸಿಗೆ, ಮುಖಪುಟಕ್ಕೆ ಬಹುಮಾನವನ್ನೂ ಕೊಡುತ್ತದೆ. ಇನ್ನು ರಟ್ಟು ಕಟ್ಟಿದವರು, ಫಾಯಿಲ್ ಒತ್ತಿದವರು ಆ ಪುಟಕ್ಕೆ ಬರಬೇಕು.

ಬೇರೆಯವರಿಗೆ ಹೇಳುವ ಮೊದಲು ನಾವೇ ಶುರುಮಾಡೋಣ ಎಂಬುದು ನನ್ನ ವಿನಂತಿ. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ಮುಖಪುಟವನ್ನು ಈ ಸಲ ವಿದ್ಯಾರ್ಥಿಗಳೇ ಮಾಡೋಣ. ಹೊಳಪು ಬೇಕೆಂದರೆ ಹೆಸರಿನ ಮೇಲೆ ಮಾತ್ರ ಸ್ವಲ್ಪ ಫಾಯಿಲ್ ಸಾಕು. ಒಳಪುಟದಲ್ಲಿ ಪ್ರಿನ್ಸಿಪಾಲರ, ಸಂಪಾದಕ ಮಂಡಳಿಯ ಹೆಸರುಗಳ ಕೆಳಗೆ ಡಿಟಿಪಿ ಮಾಡಿದವರು, ಅಚ್ಚು ಹಾಕಿದವರು, ಬೈಂಡಿಂಗ್ ಮಾಡಿದವರು ಯಾರೆಂದು ಕೇಳಿ ಬರೆಯೋಣ. ಪ್ರೆಸ್‌ಗೆ ಹೋಗಿ ಕೇಳಿಕೊಂಡು ಬರುವ ಕೆಲಸವನ್ನು ನಾನು ಮಾಡುತ್ತೇನೆ. ನೀವು ಕೈಯಲ್ಲಿ ಹಿಡಿದಿರುವ ಈ ಸಂಚಿಕೆಯ ಹಾಳೆಗಳನ್ನು ಮಡಚಿ ಪಿನ್ ಹೊಡೆಯುವವರು ನಮ್ಮ ಆಫೀಸಿನ ಅಟೆಂಡರ್ ಅಂಕಲ್. ಅವರು ಒಪ್ಪಿದರೆ ಮುಂದಿನ ತಿಂಗಳ ಸಂಚಿಕೆಯಲ್ಲಿ ಮೊದಲು ಅವರ ಹೆಸರು ಹಾಕಬೇಕೆಂದು ಸಂಪಾದಕರನ್ನು ಕೇಳಿಕೊಳ್ಳುತ್ತೇನೆ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ
ದೊಡ್ಡಮಳೂರು